ಗಟಾರದ ಧಣಿ

ನಮ್ಮ ಗಲ್ಲಿಯ ಗಟಾರ ನೇರವಾಗಿರಲಿಲ್ಲ. ಚಾಳಿನ ಉದ್ದಕ್ಕೂ ಸುಮ್ಮನೆ ಬಂದು, ಕೊನೆಯ ಕೋಣೆಯ ಎದುರು ಒಮ್ಮೆ ಸೊಂಟ ಬಳುಕಿಸಿ, ಆಮೇಲೆ ಹೋಗಿ ದೊಡ್ಡ ರಸ್ತೆಯ ಅಡಿಗೆ ನುಗ್ಗುತ್ತಿತ್ತು. ಆ ಕೊನೆಯ ಕೋಣೆ ನಮ್ಮದು. ಹೊಸದಾಗಿ ಬಂದ ಬಾಡಿಗೆದಾರರು ನೋಡಿ, ಗವಂಡಿ ಕುಡಿದು ಕಟ್ಟಿರಬೇಕು ಎಂದು ನಗುತ್ತಿದ್ದರು. ನಗಲಿ ಬಿಡಿ. ಆ ಸೊಟ್ಟನ್ನು ನನ್ನ ಅತ್ತೆ ಮುನ್ಸಿಪಾಲಿಟಿಯ ಕೈಯಿಂದಲೇ ಹಾಕಿಸಿದ್ದರು. ಅದಕ್ಕಾಗಿ ನಾನು ಇವತ್ತಿಗೂ ಯಾರ ಹತ್ತಿರವೂ ತಲೆ ತಗ್ಗಿಸಿ ಮಾತಾಡುವುದಿಲ್ಲ.

ಐವತ್ತರ ದಶಕದ ಆರಂಭದ ವರ್ಷಗಳು. ಕುರ್ಲಾ ದಾಟಿ ಇನ್ನಷ್ಟು ಮುಂದೆ ಹೋದರೆ, ಆಗಿನ್ನೂ ಮುಂಬಯಿಗೆ ಸೇರದೆ, ತನ್ನದೇ ಒಂದು ಪುಟ್ಟ ಮುನ್ಸಿಪಾಲಿಟಿ ಇಟ್ಟುಕೊಂಡು ಮೆರೆಯುತ್ತಿದ್ದ ಊರು ಅದು. ಅದಕ್ಕೊಬ್ಬ ಪ್ರೆಸಿಡೆಂಟ್, ಅವರಿಗೊಂದು ಕುದುರೆ ಟಾಂಗಾ, ಸುತ್ತ ಕೆಲವರು ಮೆಂಬರುಗಳು, ಕಸ ಹೊರಲು ಎತ್ತಿನ ಗಾಡಿಗಳು. ನನ್ನ ಗಂಡ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆಯವರು. ಮೊದಲ ಲೋಕಲಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಆದ್ದರಿಂದ ಹಗಲಿನ ಚಾಳು ಹೆಂಗಸರದು. ಹಗಲಿನ ನಾತವೂ ಹೆಂಗಸರದೇ.

ನಾತ ಎಂದೆ. ನಮ್ಮದು ಹೆಂಚಿನ ಮಾಡಿನ ಒಂದೇ ಸಾಲಿನ ಚಾಳು. ಪ್ರತಿ ಕೋಣೆಯ ಮೂಲೆಯಲ್ಲಿ ಒಂದು ಮೋರಿ. ಮೀಯುವುದು, ಪಾತ್ರೆ ಬಟ್ಟೆ ತೊಳೆಯುವುದು ಎಲ್ಲ ಅಲ್ಲಿಯೇ. ಗೋಡೆಯ ತೂತಿನಿಂದ ಆ ನೀರು ಗಲ್ಲಿಗೆ ಬೀಳುತ್ತಿತ್ತು. ಗಟಾರ ಎಂಬುದು ಇರಲೇ ಇಲ್ಲ. ಗಲ್ಲಿ ನಮ್ಮ ಕೋಣೆಯ ಕಡೆಗೆ ಇಳಿಜಾರು. ಆಚೆಗೆ ದೊಡ್ಡ ರಸ್ತೆ, ಅದರಾಚೆ ನಾಲಾ. ಮುನ್ಸಿಪಾಲಿಟಿಯವರು ದೊಡ್ಡ ರಸ್ತೆಗೆ ಜಲ್ಲಿ ಹಾಕಿ, ಡಾಂಬರು ಬಳಿದು ಎತ್ತರ ಮಾಡಿದ ಮೇಲೆ ನಮ್ಮ ನೀರಿಗೆ ನಾಲಾ ಕಾಣುವ ಭಾಗ್ಯ ತಪ್ಪಿತು. ಇಡೀ ಚಾಳಿನ ಕೊಳೆ ನಮ್ಮ ಹೊಸ್ತಿಲ ಮುಂದೆ ಬಂದು ಬಿಡಾರ ಹೂಡಿತು.

ಚಾಳಿನ ಮಾಲೀಕನಿಗೆ ಹೇಳಿದರೆ, "ಗಲ್ಲಿ ಮುನ್ಸಿಪಾಲಿಟಿಯದು, ಅಲ್ಲಿ ಕೇಳಿ" ಎನ್ನುತ್ತಿದ್ದ. ಮುನ್ಸಿಪಾಲಿಟಿಗೆ ಹೋದರೆ, "ಗಲ್ಲಿ ಖಾಸಗಿ, ಮಾಲೀಕನನ್ನು ಕೇಳಿ" ಎನ್ನುತ್ತಿದ್ದರು. ನನಗೆ ಚಾಳಿನ ನಳದ ಜಗಳಗಳಲ್ಲಿ ಮರಾಠಿ ಚೆನ್ನಾಗಿ ಬಂದುಬಿಟ್ಟಿತ್ತು. ಹಾಗಾಗಿ ಎರಡೂ ಕಡೆ ಹೋಗಿ ಬಯ್ಯುವ ಕೆಲಸ ನನ್ನದೇ. ಬೈದೆ. ಅವರು ನಕ್ಕು ಕಳಿಸಿದರು.

ಅಂಥ ಹೊತ್ತಿನಲ್ಲಿ ಊರಿನಿಂದ ಅತ್ತೆ ಬಂದರು. ಮಾವ ತೀರಿಕೊಂಡಿದ್ದರು. ಅವರು ಬದುಕಿಡೀ ಗೇಣಿಗೆ ಗೇದ ಗದ್ದೆಯನ್ನು ಧಣಿ ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ಗದ್ದೆ ಹೋದರೆ ಅದರ ಬದಿಯ ಮನೆಯೂ ಹೋದಂತೆ. ಒಂದು ಟ್ರಂಕು, ಒಂದು ಕತ್ತಿ, ಒಂದು ತುರಿಮಣೆ ಹಿಡಿದು ಸ್ಟೇಶನ್ನಿನಲ್ಲಿ ಇಳಿದರು. ಅತ್ತರೆ ಸಮಾಧಾನ ಮಾಡಬೇಕೆಂದು ನಾನು ಸಿದ್ಧಳಾಗಿದ್ದೆ. ಅವರು ಗಲ್ಲಿಗೆ ಕಾಲಿಟ್ಟು, ನಮ್ಮ ಬಾಗಿಲ ಮುಂದಿನ ಹೊಂಡವನ್ನು ನೋಡಿ, ಮೂಗು ಮುಚ್ಚಿಕೊಳ್ಳುವುದು ಬಿಟ್ಟು, "ಇಷ್ಟು ನೀರು ಸುಮ್ಮನೆ ಹಾಳಾಗ್ತಾ ಉಂಟಲ್ಲ ಮಾರಾಯ್ತಿ! ಒಂದು ಬಾಳೆ ಇಡ್ಲಿಕ್ಕೆ ಎಂತ ಧಾಡಿ ನಿಮಗೆ?" ಎಂದರು.

ನಮ್ಮ ಕಡೆ ಬಚ್ಚಲಿನ ನೀರು ಬಾಳೆಬುಡಕ್ಕೆ, ಪಾತ್ರೆ ತೊಳೆದ ನೀರು ಕೆಸುವಿಗೆ. ಅದಕ್ಕೆ ಯಾರೂ ಕೊಳೆನೀರು ಎನ್ನುವುದಿಲ್ಲ. ಅತ್ತೆಗೆ ಮುಂಬಯಿಯೂ ಅಷ್ಟೇ, ದೊಡ್ಡದೊಂದು ಬಚ್ಚಲ ಹಿಂಬದಿ. ವಸಾಯಿ ಕಡೆಯಿಂದ ಬುಟ್ಟಿ ಹೊತ್ತು ಬಾಳೆಹಣ್ಣು ಮಾರಲು ಬರುತ್ತಿದ್ದ ಹೆಂಗಸಿನ ಹತ್ತಿರ, ಭಾಷೆಯೇ ಬಾರದೆ ಕೈಸನ್ನೆಯಲ್ಲಿ ಸ್ನೇಹ ಬೆಳೆಸಿ, ಬಾಳೆಯ ಕಂದುಗಳನ್ನು ತರಿಸಿಕೊಂಡು ಹೊಂಡದ ಅಂಚಿಗೆ ನೆಟ್ಟರು. ನಡುವೆ ಕೆಸು ಹಾಕಿದರು.

ಪಕ್ಕದ ಕೋಣೆಯಲ್ಲಿ ಧಾರವಾಡ ಕಡೆಯವಳೊಬ್ಬಳಿದ್ದಳು. ಅವಳ ಗಂಡ ರೈಲ್ವೆ ಹಳಿ ರಿಪೇರಿಯ ಗ್ಯಾಂಗಿನವನು. ನಾಲಗೆ ಚುರುಕು, ಮನಸ್ಸು ಬೆಣ್ಣೆ. ಅತ್ತೆ ನೆಡುವುದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಗಟಾರ ಮಾಡಸ್ರೆಪಾ ಅಂತ ನಾವು ಬಡಕೊಳ್ಳಾಕ ಹತ್ತೇವಿ, ನಮ್ಮ ದೊಡ್ಡವ್ವಾರು ತ್ವಾಟಾ ಮಾಡಾಕ ಕುಂತಾರ ನೋಡ್ರಿ!" ಅತ್ತೆಯ ಮನೆಮಾತು ತುಳು. ನನ್ನೊಡನೆ ಆಡುತ್ತಿದ್ದದ್ದೂ ತುಳುವೇ, ಇಲ್ಲಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಬೇರೆಯವರೊಡನೆ ಆಡಲು ಅವರಿಗೆ ಗೊತ್ತಿದ್ದ ಕನ್ನಡವೆಂದರೆ ಬಯಲಾಟ ನೋಡಿ ಕಲಿತದ್ದು. "ತಾಳ್ಮೆಯಿಂದಿರು ತಂಗಿ, ಫಲವನ್ನು ಕಾಣುವಿಯಂತೆ" ಎಂದರು. ಧಾರವಾಡದವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡಿ ಅತ್ತೆ ಕೊಟ್ಟ ಮೇಲೆ ಅವಳ ತಕರಾರು ನಿಂತಿತು.

ಬಿಸಿಲುಗಾಲದಲ್ಲಿ ಬಾಳೆ ನೀರು ಕುಡಿದು ಹೊಂಡ ಕುಗ್ಗಿಸಿತು, ನಿಜ. ಆದರೆ ಮುಂಬಯಿಯ ಮಳೆಯನ್ನು ಕುಡಿದು ಮುಗಿಸುವ ಬಾಳೆ ಎಲ್ಲಿದೆ? ಆ ಮಳೆಗಾಲ ಗಲ್ಲಿ ತುಂಬಿ, ನೀರು ಹೊಸ್ತಿಲು ದಾಟಿ, ನಮ್ಮ ಅಕ್ಕಿಯ ಡಬ್ಬ ಕೋಣೆಯೊಳಗೆ ತೇಲಿತು. ಧಾರವಾಡದವಳ ಒಲೆ ಮುಳುಗಿತು. ನಾವು ಮಂಚದ ಮೇಲೆ ಸ್ಟವ್ ಇಟ್ಟು ಗಂಜಿ ಬೇಯಿಸಿ ಎರಡೂ ಮನೆಯವರು ಕೂತು ಉಂಡೆವು.

ಮಳೆ ಹೋಗಿ, ಚಳಿ ಹೋಗಿ, ಮತ್ತೆ ಸೆಕೆ ಶುರುವಾದಾಗ ಮುನ್ಸಿಪಾಲಿಟಿಗೆ ನಮ್ಮ ನೆನಪಾಯಿತು. ಸ್ಯಾನಿಟರಿ ಇನ್ಸ್‌ಪೆಕ್ಟರ್ ಬಂದ. ತಲೆಗೆ ಟೊಪ್ಪಿ, ಮೂಗಿಗೆ ಕರವಸ್ತ್ರ. ಗೋಡೆಯ ಮೇಲಿನ ನೀರಿನ ಗುರುತನ್ನು ಕೋಲಿನಿಂದ ಮುಟ್ಟಿ ನೋಡಿದ. ಈ ಕೊನೆಯ ಎರಡು ಕೋಣೆಗಳು ವಾಸಕ್ಕೆ ಯೋಗ್ಯವಲ್ಲ, ಮುಂದಿನ ಮಳೆಗೆ ಮೊದಲು ಖಾಲಿ ಮಾಡಬೇಕು ಎಂದ. ಹಿಂದೆಯೇ ನಿಂತಿದ್ದ ಮಾಲೀಕನ ಮುಖ ಹಬ್ಬದ ದಿನದಂತಿತ್ತು. ನಮ್ಮನ್ನು ಎಬ್ಬಿಸಿದರೆ ಗೋಡೆಗೆ ಸುಣ್ಣ ಬಳಿದು ಹೊಸಬರನ್ನು ಕೂರಿಸಬಹುದಲ್ಲ.

ನನ್ನ ಮೈ ಉರಿದುಹೋಯಿತು. ನೀರು ಬಂದದ್ದು ಗಲ್ಲಿಯಿಂದ, ಗಲ್ಲಿಯಲ್ಲಿ ನಿಂತದ್ದು ಅವರ ರಸ್ತೆಯಿಂದ, ಖಾಲಿ ಮಾಡಬೇಕಾದದ್ದು ನಾವು! ಕಳ್ಳ ನುಗ್ಗಿದ ಮನೆಯವರನ್ನೇ ಜೈಲಿಗೆ ಹಾಕಿದ ಹಾಗೆ. ಬಾಯಿಗೆ ಬಂದದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದೆ. ಆತ ಕರವಸ್ತ್ರ ತೆಗೆಯದೆ ಹೊರಟುಹೋದ.

ಅತ್ತೆ, "ಎಂತ ಹೇಳಿದ?" ಎಂದು ಕೇಳಿದರು. ಹೇಳಿದೆ. ಅವರು ಹೊಸ್ತಿಲ ಮೇಲೆ ಕೂತರು. "ಮತ್ತೊಂದು ಸಲವಾ?" ಎಂದಷ್ಟೇ ಕೇಳಿದರು. ಊರಿನಲ್ಲಿ ಒಮ್ಮೆ ಟ್ರಂಕು ಕಟ್ಟಿಕೊಂಡು ಹೊರಬಿದ್ದ ಹೆಂಗಸು ಅವರು. ಇಲ್ಲಿಂದಲೂ ಎಬ್ಬಿಸಿದರೆ ಹೋಗಲು ಇನ್ನೊಂದು ಊರು ಯಾರಿಗೂ ಇರಲಿಲ್ಲ.

ಆ ವಾರವೇ ಬಾಳೆಯ ಮೊದಲ ಗೊನೆ ಬಲಿಯಿತು. ಅತ್ತೆ ತಮ್ಮ ಕತ್ತಿಯಿಂದ ಕಡಿದು, ಗೊನೆಯನ್ನು ಗೋಡೆಗೆ ಒರಗಿಸಿ, "ಈ ಮಣ್ಣಿನ ಧಣಿ ಯಾರು?" ಎಂದರು.

"ಇಲ್ಲಿ ಧಣಿ ಗಿಣಿ ಯಾರೂ ಇಲ್ಲ ಅತ್ತೆ."

"ಧಣಿ ಇಲ್ಲದ ಮಣ್ಣು ಉಂಟಾ ಎಲ್ಲಿಯಾದರೂ? ಬುಳೆಕಾಣಿಕೆ ಯಾರಿಗೆ ಕೊಡುವುದು ಮತ್ತೆ?"

ಆಗ ನನಗೆ ಅರ್ಥವಾಯಿತು. ನಮ್ಮ ಊರುಗಳಲ್ಲಿ ಒಕ್ಕಲು ತಾನು ಬೆಳೆದ ಮೊದಲ ಗೊನೆ, ಮೊದಲ ಸೌತೆ, ಮೊದಲ ತೆಂಗಿನಕಾಯಿಯನ್ನು ಧಣಿಯ ಅಂಗಳಕ್ಕೆ ಒಯ್ದು ಇಟ್ಟು ಬರಬೇಕು. ಅದೇ ಬುಳೆಕಾಣಿಕೆ. ಅತ್ತೆ ಮದುವೆಯಾಗಿ ಬಂದಂದಿನಿಂದ ಪ್ರತಿ ವರ್ಷ ಒಯ್ದಿಟ್ಟವರು. ಆದರೆ ಅದಕ್ಕೆ ಇನ್ನೊಂದು ಮಗ್ಗುಲೂ ಇತ್ತು, ಅದನ್ನು ಅವರು ನನಗೆ ಬಿಡಿಸಿ ಹೇಳಿದರು. "ಕಾಣಿಕೆ ತೆಗೊಂಡವ ಗದ್ದೆಯ ನೀರಿನ ದಾರಿಯನ್ನೂ ನೋಡ್ಬೇಕು. ತೋಡು ಒಡೆದರೆ ಅವನೇ ಕಟ್ಟಿಸ್ಬೇಕು. ನಮ್ಮ ಧಣಿ ಕೆಟ್ಟವ, ಆದ್ರೆ ತೋಡು ಕಟ್ಟಿಸುದು ತಪ್ಪಿಸ್ಲಿಲ್ಲ. ಇಲ್ಲಿಯೂ ಯಾರಾದ್ರೂ ತೆಗೊಳ್ಳಲಿ. ತೆಗೊಂಡವನೇ ಧಣಿ. ಅವನೇ ಗಟಾರ ಮಾಡಿಸ್ಲಿ."

ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ ಇದನ್ನು ಕೇಳಿ ತಲೆ ಚಚ್ಚಿಕೊಂಡರು. "ಅಮ್ಮಾ, ಮುನ್ಸಿಪಾಲಿಟಿಗೆ ಬಾಳೆಗೊನೆ ಹೊತ್ತರೆ ಲಂಚ ಅಂತಾರೆ." ಅತ್ತೆ ಅನ್ನ ಕಲಸುತ್ತಲೇ ಹೇಳಿದರು. "ಲಂಚ ಕದ್ದು ಕೊಡುವುದು. ಇದು ಬಜಾರಿನ ನಡುವೆ ತಲೆಯ ಮೇಲೆ ಹೊತ್ತುಕೊಂಡು ಹೋಗುವುದು." ಹೋಟೆಲಿನಲ್ಲಿ ನೂರಾರು ಜನರಿಗೆ ಬಡಿಸುವ ಅವರ ಮಗ ಬಾಯಿ ಮುಚ್ಚಿಕೊಂಡು ಉಂಡೆದ್ದರು.

ಮರುದಿನ ಹೊರಟೆವು. ಮುಂದೆ ಗೊನೆ ಹೊತ್ತ ಅತ್ತೆ, ಹಿಂದೆ ನಾನು, ನನ್ನ ಹಿಂದೆ ತಮಾಷೆ ನೋಡಲೆಂದೇ ಹೊರಟ ಧಾರವಾಡದವಳು. ಮೊದಲು ಮಾಲೀಕನ ದಿನಸಿ ಅಂಗಡಿ. ಅತ್ತೆ ಗೊನೆಯನ್ನು ಅವನ ಗಾದಿಯ ಮುಂದೆ ಇಳಿಸಿದರು. ಅವನ ಕೈ ಸುಲಭವಾಗಿ ಮುಂದೆ ಬಂತು. ನಾನು ವಿಷಯ ವಿವರಿಸಿದೆ. ಗಲ್ಲಿಯ ಮಣ್ಣಿನಲ್ಲಿ ಬೆಳೆದದ್ದು, ತೆಗೆದುಕೊಂಡರೆ ಗಲ್ಲಿ ನಿಮ್ಮದು, ಗಟಾರವೂ ನಿಮ್ಮದು. ಬುಟ್ಟಿಯಲ್ಲಿ ಹಾವು ಕಂಡವನಂತೆ ಕೈ ಹಿಂದಕ್ಕೆ ಹೋಯಿತು. "ನನಗೂ ಆ ಗಲ್ಲಿಗೂ ಏನೂ ಸಂಬಂಧ ಇಲ್ಲ ಬಾಯಿ. ಒಯ್ಯಿ ಒಯ್ಯಿ."

ಮುನ್ಸಿಪಾಲಿಟಿ ಆಫೀಸಿನಲ್ಲಿ ಪ್ರೆಸಿಡೆಂಟ್ ಸಾಹೇಬರು ಮೆಂಬರುಗಳೊಡನೆ ಚಹಾ ಕುಡಿಯುತ್ತಿದ್ದರು. ದಪ್ಪ ಮೀಸೆ, ಬಿಳಿ ಧೋತರ, ಸದಾ ನಗು. ಅತ್ತೆ ಕೇಳದೆ ಒಳಗೆ ಹೋಗಿ ಮೇಜಿನ ಮೇಲೆ ಗೊನೆ ಇಟ್ಟರು. ಕಪ್ಪುಗಳು ಬದಿಗೆ ಸರಿದವು. ಇನ್ಸ್‌ಪೆಕ್ಟರ್ ಓಡಿ ಬಂದು ಲಂಚ, ಲಂಚ ಎಂದು ಕೂಗಿದ. ಸಾಹೇಬರು ಅವನನ್ನು ಸುಮ್ಮನಿರಿಸಿ, ಒಂದು ಕಾಯಿಯನ್ನು ಬೆರಳಿನಿಂದ ಒತ್ತಿ ನೋಡಿ, "ವಾ, ನಮ್ಮ ಊರಿನಲ್ಲೇ ಬೆಳೆದದ್ದೇ?" ಎಂದರು. ಅತ್ತೆ ತುಳುವಿನಲ್ಲಿ ಹೇಳಿದರು, ನಾನು ಮರಾಠಿಯಲ್ಲಿ ಹೇಳಿದೆ. ಅತ್ತೆಯ ಮಾತಿಗೆ ನನ್ನದೂ ಸ್ವಲ್ಪ ಖಾರ ಸೇರಿತ್ತು, ಅದು ಬೇರೆ ಮಾತು. ಕೇಳುತ್ತ ಕೇಳುತ್ತ ಸಾಹೇಬರ ಬೆರಳು ಕಾಯಿಯನ್ನು ಬಿಟ್ಟಿತು.

"ಆ ಗಲ್ಲಿ ಖಾಸಗಿ. ಮುನ್ಸಿಪಾಲಿಟಿಗೆ ಸೇರಿದ್ದಲ್ಲ. ಇದನ್ನು ತೆಗೆದುಕೊಂಡು ಹೋಗಿ" ಎಂದರು. ನಗು ಮಾತ್ರ ಹಾಗೆಯೇ ಇತ್ತು. ಮೆಂಬರುಗಳೂ ನಕ್ಕರು. ಹಳ್ಳಿ ಮುದುಕಿ ಆಫೀಸನ್ನು ಜಮೀನ್ದಾರನ ಚಾವಡಿ ಅಂದುಕೊಂಡಿದ್ದಾಳೆ ಎಂದು ಒಬ್ಬ ಅಂದದ್ದು ನನಗೆ ಕೇಳಿಸಿತು. ಅದನ್ನು ಅತ್ತೆಗೆ ನಾನು ತಿಳಿಸಲಿಲ್ಲ.

ಬಜಾರಿನ ನಡುವೆ ಗೊನೆ ವಾಪಸು ಬಂತು. ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಅತ್ತೆ ಹೋಗುವಾಗ ಹೇಗೆ ನಡೆದರೋ ಬರುವಾಗಲೂ ಹಾಗೆಯೇ ನಡೆದರು. ಗೊನೆಯನ್ನು ಗೋಣಿಯಲ್ಲಿ ಸುತ್ತಿ ಮಂಚದ ಅಡಿಗೆ ಹಣ್ಣಾಗಲು ಇಟ್ಟು ಹೇಳಿದರು. "ಇಬ್ಬರೂ ಬೇಡ ಹೇಳಿದ್ರು. ಎಲ್ಲರೆದುರೇ ಹೇಳಿದ್ರು. ಹಾಗಾದರೆ ಮಣ್ಣು ನಮ್ಮದೇ ಆಯ್ತು. ನಮ್ಮ ನೀರಿಗೆ ನಾವೇ ದಾರಿ ಮಾಡುವ."

ಧಾರವಾಡದವಳು ಅವರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ದಾರಿ ಅಂದ್ರ ದೊಡ್ಡ ರಸ್ತಾ ಕಡೀಬೇಕಾಗತೈತ್ರೀ ದೊಡ್ಡವ್ವಾರ."

"ಕಡಿಯೋಣವಂತೆ" ಎಂದರು ಅತ್ತೆ, ಬಯಲಾಟದ ಗತ್ತಿನಲ್ಲಿ.

ಈ ಸಲ ಅವಳು ನಗಲಿಲ್ಲ. ಗಂಡನ ಕಡೆಯಿಂದ ಪಿಕಾಸಿ, ಗುದ್ದಲಿಗಳು ಬಂದವು. ಗಂಡಸರೆಲ್ಲ ಲೋಕಲ್ ಹಿಡಿದು ಹೋದ ಮೇಲೆ ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿದೆವು. ಕೆಲವು ದಿನ ಚಾಳಿನ ಆ ತುದಿಯಿಂದ ಕಾಲುವೆ ತೋಡುತ್ತ ಬಂದೆವು. ಬಾಳೆಯ ಹತ್ತಿರ ಬಂದಾಗ, ಗೊನೆ ಕೊಟ್ಟ ಗಿಡದ ಬುಡದಲ್ಲಿ ಹೊಸ ಕಂದುಗಳು ಎದ್ದಿದ್ದವು. ಅತ್ತೆ ಅವನ್ನು ಮುಟ್ಟಲು ಬಿಡಲಿಲ್ಲ. ಕಾಲುವೆ ಅವುಗಳನ್ನು ಬಳಸಿಕೊಂಡು ಹೋಯಿತು. ಗಲ್ಲಿಯ ಮಣ್ಣು ಮೆತ್ತಗೆ. ದೊಡ್ಡ ರಸ್ತೆಯ ಡಾಂಬರು ಪಿಕಾಸಿಯನ್ನೇ ಎಗರಿಸಿ ಬಿಸಾಡುತ್ತಿತ್ತು. ಅಂಗೈ ಒಡೆದು ರಕ್ತ ಬಂದರೂ ಯಾರೂ ನಿಲ್ಲಿಸಲಿಲ್ಲ. ಇಷ್ಟು ವರ್ಷ ಮೂಗಿನಲ್ಲಿ ತುಂಬಿಕೊಂಡಿದ್ದ ಸಿಟ್ಟೆಲ್ಲ ತೋಳಿಗೆ ಇಳಿದಿತ್ತು. ನನಗಂತೂ ಜೀವನದಲ್ಲಿ ಅಷ್ಟು ಖುಷಿಯಾದ ಕೆಲಸ ಇನ್ನೊಂದಿಲ್ಲ.

ರಸ್ತೆಗೆ ಕೈಹಾಕಿದ ದಿನ ಬಜಾರಿನ ಹೊತ್ತಿಗೆ ಅದು ಮುಕ್ಕಾಲು ಕಡಿದಾಗಿತ್ತು. ಒಂದು ಕಡೆ ಇಟ್ಟಿಗೆಯ ಲಾರಿ, ತರಕಾರಿ ಗಾಡಿಗಳು, ಇನ್ನೊಂದು ಕಡೆ ಮುನ್ಸಿಪಾಲಿಟಿಯ ಕಸದ ಗಾಡಿ, ಅದರ ಹಿಂದೆಯೇ ಪ್ರೆಸಿಡೆಂಟ್ ಸಾಹೇಬರ ಟಾಂಗಾ. ಕುದುರೆ ಹಳ್ಳ ನೋಡಿ ಹೆಜ್ಜೆ ಇಡಲಾರೆ ಎಂದಿತು. ಸಾಹೇಬರು ಇಳಿದು ಧೋತರ ಎತ್ತಿ ಹಿಡಿದು ಬಂದರು. ಇನ್ಸ್‌ಪೆಕ್ಟರ್ ಅದಾಗಲೇ ಓಡಿ ಬಂದಿದ್ದ. ಅತ್ತೆ ಹಳ್ಳದೊಳಗೆ ಮೊಣಕಾಲುದ್ದ ನಿಂತು ಮಣ್ಣು ಎತ್ತಿ ಹಾಕುತ್ತಿದ್ದರು.

"ಯಾರ ಅಪ್ಪಣೆ ಕೇಳಿ ಅಗೆದಿರಿ?" ಸಾಹೇಬರ ನಗು ಆವತ್ತು ಮನೆಯಲ್ಲೇ ಉಳಿದಿತ್ತು. "ಇದು ಮುನ್ಸಿಪಾಲಿಟಿಯ ರಸ್ತೆ!"

ನಾನು ಅತ್ತೆಗೆ ಹೇಳಿದೆ. ಅತ್ತೆ ಗುದ್ದಲಿ ಊರಿ ನಿಂತು, "ಎಲ್ಲಿಂದ ಎಲ್ಲಿಗೆ ಅವರದ್ದು, ಕೇಳು" ಎಂದರು.

ಕೇಳಿದೆ. ಸಾಹೇಬರು ರಸ್ತೆಯ ಈ ಅಂಚು, ಆ ಅಂಚು ತೋರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಮ್ಮ ಕತೆ ಮುಗಿಯುತ್ತಿತ್ತು, ರಸ್ತೆ ಮುಚ್ಚಿಸಿ ಹೋಗಿಬಿಡುತ್ತಿದ್ದರು. ಆದರೆ ಇನ್ಸ್‌ಪೆಕ್ಟರನಿಗೆ ನಮ್ಮ ಮೇಲಿನ ಅಪರಾಧ ಅಷ್ಟು ಸಣ್ಣದಾಗಿ ಕಂಡರೆ ಸಮಾಧಾನವಿಲ್ಲ. ಟೊಪ್ಪಿ ತೆಗೆದು ಗಲ್ಲಿಯ ಉದ್ದಕ್ಕೂ ಬೀಸುತ್ತ ಕೂಗಿದ. "ರಸ್ತೆ ಮಾತ್ರವಲ್ಲ ಸಾಹೇಬ್! ನೋಡಿ, ಆ ತುದಿಯಿಂದ ಈ ತುದಿಯವರೆಗೆ ಅಗೆದಿದ್ದಾರೆ. ಹೀ ಸಗಳೀ ಜಾಗಾ ಮುನ್ಸಿಪಾಲ್ಟೀಚೀ ಆಹೆ! ಇಡೀ ಜಾಗ ಮುನ್ಸಿಪಾಲಿಟಿಯದು! ಎಲ್ಲದಕ್ಕೂ ಕೇಸು ಹಾಕಬೇಕು!"

ಧಾರವಾಡದವಳು ಪಿಕಾಸಿ ಕೆಳಗಿಟ್ಟು, ಲಾರಿಯವನಿಗೂ ಗಾಡಿಯವರಿಗೂ ಕೇಳುವಂತೆ ಮರಾಠಿಯಲ್ಲಿ ಅದನ್ನೇ ಕೂಗಿದಳು. ಗಲ್ಲಿ ಮುನ್ಸಿಪಾಲಿಟಿಯದಂತೆ, ಸಾಹೇಬರೇ ಇಲ್ಲಿದ್ದಾರೆ, ಎಲ್ಲರೂ ಕೇಳಿಸಿಕೊಳ್ಳಿ! ಆಮೇಲೆ ನಮ್ಮ ಕಡೆ ತಿರುಗಿ, "ಧಣಿ ಸಿಕ್ಕರ್ರೀ ದೊಡ್ಡವ್ವಾರ!" ಎಂದಳು. ಗಾಡಿಯವರು ಹೋ ಎಂದು ನಕ್ಕರು. ಮೊನ್ನೆಯ ಗೊನೆಯ ಮೆರವಣಿಗೆಯನ್ನು ಬಜಾರಿನಲ್ಲಿ ನೋಡದವರು ಯಾರಿದ್ದರು? ಸಾಹೇಬರು ಇನ್ಸ್‌ಪೆಕ್ಟರನನ್ನು ನೋಡಿದ ನೋಟ ನಾನು ಸಾಯುವವರೆಗೂ ಮರೆಯುವುದಿಲ್ಲ.

ಹಳ್ಳ ಮುಚ್ಚಬೇಕಾದರೆ ಮೊದಲು ನಾವು ಮೇಲೆ ಬರಬೇಕು. ನಾವು ಬರಲಿಲ್ಲ. ಅಲ್ಲಿಯೇ ಸಾಲಾಗಿ ಕೂತೆವು. ಲಾರಿಯವನು ಹಾರ್ನು ಒತ್ತುತ್ತಲೇ ಇದ್ದ, ತರಕಾರಿ ಬಾಡುತ್ತಿತ್ತು, ಕಸದ ಗಾಡಿ ಸಾಹೇಬರ ಮೂಗಿನ ಬುಡದಲ್ಲೇ ನಿಂತಿತ್ತು. ಅವರಿಗೂ ಒಂದು ದಿನ ನಮ್ಮ ಗಲ್ಲಿಯ ಸುಖ ಸಿಗಲಿ ಎಂದು ನಾನು ಮನಸ್ಸಿನಲ್ಲೇ ಹರಸಿದೆ. ಕೊನೆಗೆ ಅವರು ಹಳ್ಳದ ಅಂಚಿಗೆ ಬಂದು ಬಗ್ಗಿ, "ಏನು ಬೇಕು ನಿಮಗೆ?" ಎಂದರು.

"ಮಳೆಗೆ ಮೊದಲು ಗಟಾರ" ಎಂದೆ, ಅತ್ತೆಯನ್ನು ಕೇಳದೆಯೇ.

"ಆಯಿತು."

"ನಮ್ಮ ಕೋಣೆಗಳಿಂದ ಯಾರೂ ಏಳುವುದಿಲ್ಲ."

"ಆಯಿತು ಮಾವಶಿ, ಯಾರೂ ಏಳುವುದಿಲ್ಲ. ಮೇಲೆ ಬನ್ನಿ."

ಅಷ್ಟು ಜನರ ಎದುರು ಸೋತು ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಅತ್ತೆ ಮೇಲೆ ಬರುವಾಗ ಸಾಹೇಬರು ಮತ್ತೆ ನಗು ಹಚ್ಚಿಕೊಂಡು, ಅಂಗೈ ಚಾಚಿ, ಆವತ್ತಿನ ಬಾಳೆಗೊನೆ ಈಗ ಕೊಡು, ತೆಗೆದುಕೊಳ್ಳುತ್ತೇನೆ ಎಂದರು. ನಾನು ಅನುವಾದಿಸಲು ಬಾಯಿ ತೆರೆದೆ. ಅಗತ್ಯವಾಗಲಿಲ್ಲ. ಚಾಚಿದ ಕೈಯ ಭಾಷೆ ಅತ್ತೆಗೆ ಚೆನ್ನಾಗಿ ಗೊತ್ತಿತ್ತು.

"ಸಾಧ್ಯವಿಲ್ಲ" ಎಂದರು, ತಮಗೆ ಗೊತ್ತಿದ್ದ ಕನ್ನಡದಲ್ಲಿ. ಆಮೇಲೆ ನನಗೆ, "ಹೇಳು ಅವರಿಗೆ. ತೋಡು ಕಡಿದದ್ದು ನಾವು."

ಹೇಳಿದೆ. ಈ ಸಲ ಖಾರ ಬೆರೆಸುವ ಅಗತ್ಯ ಬೀಳಲಿಲ್ಲ.

ಗಟಾರ ಆಯಿತು. ಗವಂಡಿಗಳು ನಾವು ತೋಡಿದ ಜಾಡಿನಲ್ಲೇ ಕಲ್ಲು ಕಟ್ಟಿದರು, ರಸ್ತೆಯ ಅಡಿಗೆ ಪೈಪು ಹಾಕಿದರು. ಬಾಳೆಯ ಹತ್ತಿರದ ಸೊಟ್ಟನ್ನು ನೇರ ಮಾಡಲು ಬಂದವನನ್ನು ಅತ್ತೆ ಕತ್ತಿ ಹಿಡಿದೇ ಮಾತಾಡಿಸಿದರು, ಅದು ಹಾಗೆಯೇ ಉಳಿಯಿತು. ಆ ವರ್ಷದ ಮಳೆಯಲ್ಲಿ ಅಕ್ಕಿಯ ಡಬ್ಬ ತನ್ನ ಜಾಗದಲ್ಲೇ ಕೂತಿತ್ತು.

ಆದರೆ ನನಗೆ ನೆನಪಾಗುವುದು ರಸ್ತೆ ಕಡಿದ ದಿನದ ಸಂಜೆ. ಮಂಚದ ಅಡಿಯಿಂದ ಹಣ್ಣಿನ ಪರಿಮಳ ಬರುತ್ತಿತ್ತು. ಅತ್ತೆ ಗೋಣಿ ಬಿಡಿಸಿ, ಗೊನೆಯ ಮೊದಲ ಚಿಪ್ಪನ್ನು ಬೇರೆ ಇಟ್ಟು, ಉಳಿದದ್ದನ್ನು ಚಾಳಿನ ಎಲ್ಲ ಕೋಣೆಗಳಿಗೂ ಹಂಚಲು ನನಗೆ ಕೊಟ್ಟರು. ಹಂಚಿ ಬಂದೆ. ಅವರು ಹೊಸ್ತಿಲ ಮೇಲೆ ಗಲ್ಲಿಗೆ ಮುಖಮಾಡಿ ಕೂತು, ಆ ಮೊದಲ ಚಿಪ್ಪಿನಿಂದ ಒಂದು ಹಣ್ಣು ಕಿತ್ತು ನಿಧಾನವಾಗಿ ಸುಲಿಯುತ್ತಿದ್ದರು. ಮದುವೆಯಾದಂದಿನಿಂದ ಬೆಳೆದ ಯಾವ ಮೊದಲ ಗೊನೆಯನ್ನೂ ಅವರು ಬಾಯಿಗೆ ಹಾಕಿಕೊಂಡಿರಲಿಲ್ಲ.

"ಹೇಗುಂಟು ಅತ್ತೆ?" ಎಂದೆ.

ಅವರು ಪೂರ್ತಿ ತಿಂದು ಮುಗಿಸಿ, ಸಿಪ್ಪೆಯನ್ನು ಬಾಳೆಯ ಬುಡಕ್ಕೆ ಎಸೆದರು.

"ಧಣಿಗಳು ಒಂದು ವರ್ಷವೂ ಈ ಕಾಣಿಕೆ ಯಾಕೆ ಬಿಡ್ಲಿಲ್ಲ ಅಂತ ಈಗ ಗೊತ್ತಾಯ್ತು" ಎಂದರು.